ಕೋಳಿಮರಿ ಯಾರನ್ನು ತಾಯಿ ಎಂದುಕೊಳ್ಳುತ್ತದೆ? ಪದೇ ಪದೇ ಕೇಳುವ ಪ್ರಶ್ನೆಗಳು

ಮೊಟ್ಟೆಯೊಡೆದು ಬಂದ ಮರಿ ಮೈಯ ತುಪ್ಪಳ ಒಣಗುವ ಹೊತ್ತಿಗೆ ಯಾರದೋ ಹಿಂದೆ ಓಡಲು ಸಿದ್ಧವಾಗಿರುತ್ತದೆ. ಆ ‘ಯಾರು’ ಎಂಬುದು ಹೇಗೆ ತೀರ್ಮಾನವಾಗುತ್ತದೆ, ಆಮೇಲೆ ಮರಿ ಏನೇನು ಕಲಿಯುತ್ತದೆ, ಏನನ್ನು ಕಲಿತೇ ಹುಟ್ಟಿರುತ್ತದೆ ಎಂಬ ಪ್ರಶ್ನೆಗಳಿಗೆ ಇಲ್ಲಿ ಉತ್ತರಗಳಿವೆ. ಕೆಲವು ಪ್ರಶ್ನೆಗಳು ಕೋಳಿ ಸಾಕುವವರವು, ಕೆಲವು ಜೀವಶಾಸ್ತ್ರ ಓದುವವರವು. ಅವನ್ನು ಬೇರೆ ಬೇರೆ ಗುಂಪು ಮಾಡಿಲ್ಲ.

ಅಚ್ಚೊತ್ತುವಿಕೆ ಎಂದರೇನು?

ಹುಟ್ಟಿದ ಒಂದೆರಡು ದಿನಗಳಲ್ಲಿ ಎದ್ದು ಕಾಣುವಂತೆ ಕಣ್ಣಿಗೆ ಬಿದ್ದದ್ದನ್ನು ಮರಿ ಮನಸ್ಸಿನಲ್ಲಿ ಹಿಡಿದಿಟ್ಟುಕೊಂಡು, ಆಮೇಲೆ ಅದರ ಬೆನ್ನು ಬಿಡದಿರುವುದು. ಇಂಗ್ಲಿಷಿನ ಇಂಪ್ರಿಂಟಿಂಗ್ ಇದೇ. ಕೋಳಿ, ಬಾತು, ಹೆಬ್ಬಾತು, ಟರ್ಕಿಯಂಥ, ಹುಟ್ಟಿದ ದಿನವೇ ಕಣ್ಣು ಬಿಟ್ಟು ಓಡಾಡುವ ಹಕ್ಕಿಗಳಲ್ಲಿ ಇದು ಸ್ಪಷ್ಟವಾಗಿ ಕಾಣುತ್ತದೆ. ಪಾರಿವಾಳದ ಮರಿ ಕಣ್ಣು ಮುಚ್ಚಿಕೊಂಡು ಗೂಡಿನಲ್ಲೇ ಬಿದ್ದಿರುತ್ತದೆ, ತಾಯಿತಂದೆಯೇ ಅದರ ಬಳಿ ಬರುತ್ತಾರೆ. ಕೋಳಿಮರಿಗೆ ಆ ಅನುಕೂಲವಿಲ್ಲ. ಹೇಂಟೆ ಎದ್ದು ನಡೆದಾಗ ಹಿಂಬಾಲಿಸದ ಮರಿ ಚಳಿಗೋ ಕಾಗೆಗೋ ಬಲಿ.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಈ ಕಲಿಕೆಗೆ ಕಾಳಿನ ಆಸೆ ತೋರಿಸಬೇಕಿಲ್ಲ. ‘ಅನ್ನ ಹಾಕಿದವರ ಹಿಂದೆ ಹೋಗುತ್ತದೆ’ ಎನ್ನುವುದು ನಾಯಿಯ ವಿಷಯದಲ್ಲಿ ಎಷ್ಟು ಸರಿಯೋ ತಿಳಿಯದು, ಕೋಳಿಮರಿಯ ವಿಷಯದಲ್ಲಂತೂ ತಪ್ಪು. ಬರೀ ನೋಡಿದರೆ ಸಾಕು, ಕಲಿತುಬಿಡುತ್ತದೆ. ನೋಡುವುದಕ್ಕಾಗಿಯೇ ಅದು ದುಡಿಯಲೂ ತಯಾರು: 1969ರಲ್ಲಿ ಬೇಟ್ಸನ್ ಮತ್ತು ರೀಸ್ ಪ್ರಕಟಿಸಿದ ಪ್ರಯೋಗದಲ್ಲಿ, ಮಿನುಗುವ ದೀಪವೊಂದನ್ನು ಬೆಳಗಿಸಲು ಮರಿಗಳು ಪೆಡಲ್ ತುಳಿಯುವುದನ್ನು ಕಲಿತವು. ಸಂಬಳ ಆ ದೀಪದ ದರ್ಶನ, ಅಷ್ಟೇ.

ಇದನ್ನು ಕಂಡುಹಿಡಿದದ್ದು ಕೊನ್ರಾಡ್ ಲೊರೆಂಜ್ ಅಲ್ಲವೇ?

ಹೆಸರು ತಂದುಕೊಟ್ಟವರು ಆಸ್ಟ್ರಿಯದ ಪ್ರಾಣಿವರ್ತನೆ ತಜ್ಞರಾದ ಅವರೇ. ಹೆಬ್ಬಾತಿನ ಮರಿಗಳ ಸಾಲು ಗಡ್ಡದ ಮನುಷ್ಯನ ಹಿಂದೆ ನಡೆಯುವ ಚಿತ್ರವನ್ನು ಎಲ್ಲ ಪಠ್ಯಪುಸ್ತಕಗಳೂ ಅಚ್ಚು ಹಾಕಿವೆ. 1935ರಲ್ಲಿ ಅವರು ಬರೆದ ದೀರ್ಘ ಪ್ರಬಂಧ ಈ ವಿಷಯವನ್ನು ವಿಜ್ಞಾನದ ನಡುಮನೆಗೆ ತಂದಿತು, 1973ರಲ್ಲಿ ಟಿನ್‌ಬರ್ಗನ್ ಮತ್ತು ಫಾನ್ ಫ್ರಿಶ್ ಜೊತೆಗೆ ನೊಬೆಲ್ ಬಂತು. ಆದರೆ ಅವರಿಗಿಂತ ಮೊದಲೇ ಜರ್ಮನಿಯ ಆಸ್ಕರ್ ಹೈನ್‌ರೋತ್ 1911ರಲ್ಲಿ ಹೆಬ್ಬಾತುಗಳ ಬಗ್ಗೆ ಇದನ್ನೇ ಬರೆದಿದ್ದರು. ಅವರಿಗೂ ಮೊದಲು, 1873ರಲ್ಲಿ, ಡಗ್ಲಸ್ ಸ್ಪಾಲ್ಡಿಂಗ್.

ನನ್ನ ಒಲವು ಈ ಸ್ಪಾಲ್ಡಿಂಗ್ ಕಡೆಗೆ. ಕೋಳಿಮರಿಗಳ ಮೇಲೇ ಕೆಲಸ ಮಾಡಿದವನು, ವಿಶ್ವವಿದ್ಯಾಲಯದ ಹುದ್ದೆಯಿಲ್ಲದವನು. ಮರಿ ಚಿಪ್ಪಿನಿಂದ ಹೊರಬರುವಾಗಲೇ ಅದರ ತಲೆಗೆ ಪುಟ್ಟ ಕುಲಾವಿ ಹಾಕಿ ಕಣ್ಣು ಮುಚ್ಚಿಬಿಡುತ್ತಿದ್ದ. ಎರಡು ಮೂರು ದಿನ ಕತ್ತಲಲ್ಲೇ ಕಳೆದ ಮರಿಯ ಕುಲಾವಿ ತೆಗೆದರೆ ಅದು ಕಣ್ಣೆದುರು ನಡೆದಾಡುವ ಯಾರನ್ನಾದರೂ ಹಿಂಬಾಲಿಸುತ್ತಿತ್ತು. ನಾಲ್ಕನೆಯ ದಿನ ತೆಗೆದರೆ ಅದೇ ಮನುಷ್ಯನನ್ನು ಕಂಡು ಹೆದರಿ ಓಡುತ್ತಿತ್ತು. ಒಂದೇ ದಿನದ ಅಂತರದಲ್ಲಿ ಪ್ರೀತಿ ಹೋಗಿ ಭಯ! ಕಾಲಮಿತಿಯುಳ್ಳ ಕಲಿಕೆ ಎಂಬ ವಿಚಾರದ ಬೀಜ ಇಲ್ಲಿದೆ. ಮುಂದೆ ಆತ ತತ್ತ್ವಜ್ಞಾನಿ ಬರ್ಟ್ರಂಡ್ ರಸೆಲ್ ಅವರ ತಾಯಿತಂದೆಯರ ಮನೆಯಲ್ಲಿ ಮಕ್ಕಳ ಮೇಷ್ಟರಾದ. ಅಲ್ಲಿ ಅವನ ಕೋಳಿಗಳು ದಿವಾನಖಾನೆಯನ್ನೂ ಬಿಡದೆ ಮನೆಯೆಲ್ಲ ಹಾಳುಗೆಡವಿದವಂತೆ. 1877ರಲ್ಲಿ ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡ, ಜಗತ್ತು ಮರೆಯಿತು. 1954ರಲ್ಲಿ ಅವನ ಪ್ರಬಂಧವನ್ನು ಹುಡುಕಿ ಮತ್ತೆ ಅಚ್ಚು ಹಾಕಿಸಿದವರು ಜೀವವಿಜ್ಞಾನಿ ಜೆ.ಬಿ.ಎಸ್. ಹಾಲ್ಡೇನ್. ಮುಂದೆ 1957ರಲ್ಲಿ ಭಾರತಕ್ಕೆ ಬಂದು, ಇಲ್ಲಿನ ಪ್ರಜೆಯಾಗಿ, ಭುವನೇಶ್ವರದಲ್ಲಿ ಕೊನೆಯುಸಿರೆಳೆದ ಅದೇ ಹಾಲ್ಡೇನ್.

ಹಾಗಾದರೆ ಮರಿಗೆ ತನ್ನ ತಾಯಿ ಹೇಗಿರುತ್ತಾಳೆಂದು ಹುಟ್ಟುವಾಗ ಏನೂ ಗೊತ್ತಿರುವುದಿಲ್ಲವೇ?

ಬಹಳ ಕಾಲ ಹಾಗೆಯೇ ನಂಬಿದ್ದರು. ಮರಿಯ ಮನಸ್ಸು ಖಾಲಿ ಹಲಗೆ, ಮೊದಲು ಬಿದ್ದದ್ದೇ ಬರಹ ಎಂದು. ಇದು ಅರ್ಧ ಸತ್ಯ.

1980ರ ದಶಕದಲ್ಲಿ ಕೇಂಬ್ರಿಜ್‌ನ ಗೇಬ್ರಿಯಲ್ ಹಾರ್ನ್ ಮತ್ತು ಮಾರ್ಕ್ ಜಾನ್ಸನ್ ಕತ್ತಲಲ್ಲಿ ಬೆಳೆಸಿದ ಮರಿಗಳ ಮುಂದೆ ಎರಡು ವಸ್ತುಗಳನ್ನು ಇಟ್ಟರು. ಒಂದು, ತಿರುಗುವ ಕೆಂಪು ಪೆಟ್ಟಿಗೆ. ಇನ್ನೊಂದು, ಒಣಹುಲ್ಲು ತುಂಬಿದ ಕೆಂಪು ಕಾಡುಕೋಳಿ. ನಮ್ಮ ಸಾಕುಕೋಳಿಗಳ ಮೂಲ ವಂಶ ಈ ಕೆಂಪು ಕಾಡುಕೋಳಿಯೇ. (ಪಶ್ಚಿಮಘಟ್ಟದಲ್ಲಿ ನಾವು ಕಾಣುವ ಬೂದು ಕಾಡುಕೋಳಿ ಅದರ ದಾಯಾದಿ.) ಎರಡನ್ನೂ ಹಿಂದೆಂದೂ ನೋಡದ ಮರಿಗಳು ಕಾಡುಕೋಳಿಯತ್ತ ವಾಲಿದವು. ಮುಂದಿನ ಹೆಜ್ಜೆ ಇನ್ನೂ ಸ್ವಾರಸ್ಯಕರ. ಹಕ್ಕಿಯ ಅಂಗಾಂಗಗಳನ್ನು ಕತ್ತರಿಸಿ ಅಸ್ತವ್ಯಸ್ತವಾಗಿ ಜೋಡಿಸಿ ತೋರಿಸಿದರು. ತಲೆ ಮತ್ತು ಕುತ್ತಿಗೆಯ ಭಾಗ ಸರಿಯಿದ್ದರೆ ಮರಿಗೆ ಸಾಕು. ಆ ತಲೆ ಬಾತಿನದಾದರೂ ಸರಿ, ಕೋಳಿಯನ್ನೇ ಹಿಡಿದು ತಿನ್ನುವ ಪೋಲ್‌ಕ್ಯಾಟ್ ಎಂಬ ಪ್ರಾಣಿಯದಾದರೂ ಸರಿ!

ಅಂದರೆ ಮರಿ ಹುಟ್ಟುವಾಗ ತರುವುದು ತಾಯಿಯ ಭಾವಚಿತ್ರವನ್ನಲ್ಲ, ಒರಟಾದ ಒಂದು ಸೂಚನೆಯನ್ನು: ಕಣ್ಣು, ತಲೆ, ಕುತ್ತಿಗೆ ಇರುವ ಜೀವವೊಂದರ ಕಡೆ ನೋಡು. 2005ರಲ್ಲಿ ಇಟಲಿಯ ಜೋರ್ಜೋ ವಲ್ಲೋರ್ತಿಗಾರ ಮತ್ತು ಸಂಗಡಿಗರು ಇದಕ್ಕೆ ಇನ್ನೊಂದು ಸಾಲು ಸೇರಿಸಿದರು. ಕತ್ತಲ ಪರದೆಯ ಮೇಲೆ ಬರೀ ಬೆಳಕಿನ ಚುಕ್ಕಿಗಳು, ನಡೆಯುವ ಕೋಳಿಯ ಕೀಲುಗಳ ಜಾಗದಲ್ಲಿ ಒಂದೊಂದು. ಏನನ್ನೂ ನೋಡಿರದ ಮರಿಗಳು ಜೀವಿಯಂತೆ ಚಲಿಸುವ ಚುಕ್ಕಿಗಳತ್ತ ಹೋದವು, ಮನಬಂದಂತೆ ಚಲಿಸುವ ಚುಕ್ಕಿಗಳತ್ತ ಅಲ್ಲ. ಚುಕ್ಕಿಗಳು ಕೋಳಿಯ ಬದಲು ಬೆಕ್ಕಿನ ನಡಿಗೆಯವಾದರೂ ಅವು ತಕರಾರು ಮಾಡಲಿಲ್ಲ. ರಂಗೋಲಿಗೆ ಚುಕ್ಕಿ ಇಟ್ಟೇ ಮರಿ ಹುಟ್ಟುತ್ತದೆ, ಎಳೆ ಎಳೆಯುವುದು ಕಂಡದ್ದರ ಕೆಲಸ.

ಹುಟ್ಟುಗುಣವೋ ಕಲಿಕೆಯೋ ಎಂದು ಕೇಳುವವರಿಗೆ ನಾನು ಈ ಪ್ರಯೋಗಗಳನ್ನೇ ಮುಂದಿಡುತ್ತೇನೆ. ಕಲಿಯುವುದಕ್ಕೆ ಯೋಗ್ಯವಾದದ್ದರ ಮುಂದೆ ಮರಿಯನ್ನು ತಂದು ನಿಲ್ಲಿಸುವುದು ಹುಟ್ಟುಗುಣ. ಅಲ್ಲಿ ನಿಂತ ಮೇಲೆ ‘ಇವಳೇ’ ಎಂದು ಗುರುತಿಟ್ಟುಕೊಳ್ಳುವುದು ಕಲಿಕೆ. ಸಾಮಾನ್ಯ ಅಂಗಳದಲ್ಲಿ ಮರಿಯ ಎದುರಿಗೆ ಕಣ್ಣು, ತಲೆ, ಕುತ್ತಿಗೆ ಹೊತ್ತು ನಡೆದಾಡುವುದು ಕಾವು ಮುಗಿಸಿ ಎದ್ದ ಹೇಂಟೆಯೇ ಆದ್ದರಿಂದ ಎಡವಟ್ಟಾಗುವುದಿಲ್ಲ.

ಎಷ್ಟು ಹೊತ್ತಿನೊಳಗೆ ಇದು ನಡೆಯಬೇಕು?

ಬಾತುಮರಿಗಳಲ್ಲಿ ಹುಟ್ಟಿದ 13ರಿಂದ 16 ಗಂಟೆಗಳ ನಡುವೆ ಅತ್ಯಂತ ಗಟ್ಟಿಯಾಗಿ ಆಗುತ್ತದೆ ಎಂದು ಅಮೆರಿಕದ ಎಕಾರ್ಡ್ ಹೆಸ್ 1950ರ ದಶಕದಲ್ಲಿ ಹೇಳಿದರು. ಕೋಳಿಮರಿಗಳಲ್ಲಿಯೂ ಮೊದಲ ದಿನದಿಂದ ಮೂರನೆಯ ದಿನದವರೆಗೆ ಎನ್ನಬಹುದು. ಆದರೆ ಗಡಿಯಾರ ನೋಡಿ ಬಾಗಿಲು ಮುಚ್ಚುತ್ತದೆ ಎಂದು ತಿಳಿಯಬಾರದು. ಬಾಗಿಲು ಮುಚ್ಚುವುದು ಬಹುಮಟ್ಟಿಗೆ ಕಲಿಕೆಯಿಂದಲೇ: ಒಂದನ್ನು ಚೆನ್ನಾಗಿ ಕಲಿತ ಮೇಲೆ ಉಳಿದುದೆಲ್ಲ ಅಪರಿಚಿತ, ಅಪರಿಚಿತವಾದದ್ದು ಭಯಂಕರ. ಅದಕ್ಕೇ ಒಂಟಿಯಾಗಿ ಕತ್ತಲಲ್ಲಿಟ್ಟ ಮರಿಯ ಬಾಗಿಲು ಹೆಚ್ಚು ಹೊತ್ತು ತೆರೆದಿರುತ್ತದೆ, ಒಡಹುಟ್ಟಿದವುಗಳ ಜೊತೆ ಬೆಳೆದ ಮರಿಯದು ಬೇಗ ಮುಚ್ಚುತ್ತದೆ. ಅದು ಒಡಹುಟ್ಟಿದವುಗಳ ಮೇಲೆಯೇ ಅಚ್ಚೊತ್ತಿಕೊಂಡಿರುತ್ತದೆ.

ಬಾಗಿಲು ತೆರೆಯುವ ಕೀಲಿಯ ಬಗ್ಗೆ 2012ರಲ್ಲಿ ಜಪಾನಿನ ಸಂಶೋಧಕರಿಂದ ಒಂದು ಸುದ್ದಿ ಬಂತು. ಮರಿ ಅಚ್ಚೊತ್ತಿಕೊಳ್ಳತೊಡಗಿದ ಕೂಡಲೇ ಅದರ ಮಿದುಳಿಗೆ ಥೈರಾಯ್ಡ್ ಹಾರ್ಮೋನಿನ ಸಕ್ರಿಯ ರೂಪವಾದ ಟಿ-3 ನುಗ್ಗಿಬರುತ್ತದೆ. ಅದನ್ನು ತಡೆದರೆ ಕಲಿಕೆ ಆಗುವುದಿಲ್ಲ. ಕಾಲ ಮೀರಿದ ಮರಿಗೆ ಹೊರಗಿನಿಂದ ಕೊಟ್ಟರೆ ಮುಚ್ಚಿದ ಬಾಗಿಲು ಮತ್ತೆ ತೆರೆಯುತ್ತದೆ.

ಮಿದುಳಿನಲ್ಲಿ ಇದು ಎಲ್ಲಿ ದಾಖಲಾಗುತ್ತದೆ?

ಮುಂಮಿದುಳಿನ ಎರಡೂ ಪಕ್ಕಗಳಲ್ಲಿರುವ, ಸಂಕ್ಷಿಪ್ತವಾಗಿ ಐಎಂಎಂ ಎಂದು ಕರೆಯುವ ಸಣ್ಣ ಪ್ರದೇಶದಲ್ಲಿ. ಹಾರ್ನ್ ಅವರ ಗುಂಪಿನ ದಶಕಗಳ ದುಡಿಮೆಯ ಫಲ ಇದು. ಆ ಭಾಗ ಹಾಳಾದ ಮರಿ ಅಚ್ಚೊತ್ತಿಕೊಳ್ಳಲಾರದು, ಆದರೆ ತಲೆ-ಕುತ್ತಿಗೆಯತ್ತ ವಾಲುವ ಹುಟ್ಟುಗುಣ ಅದರಲ್ಲಿ ಹಾಗೇ ಉಳಿದಿರುತ್ತದೆ. ಎರಡೂ ಬೇರೆ ಬೇರೆ ವ್ಯವಸ್ಥೆಗಳು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ.

ಮೊಟ್ಟೆಯೊಳಗಿರುವಾಗಲೇ ಕಲಿಯುತ್ತದೆಯೇ?

ಹೌದು. 21 ದಿನಗಳ ಕಾವಿನ ಕೊನೆಯಲ್ಲಿ ಮರಿ ಮೊಟ್ಟೆಯೊಳಗಿನ ಗಾಳಿಚೀಲಕ್ಕೆ ಕೊಕ್ಕು ತೂರಿಸಿ ಉಸಿರಾಡತೊಡಗುತ್ತದೆ, ಚಿಂವ್ ಎನ್ನುವುದೂ ಆಗಲೇ ಶುರು. ಹೇಂಟೆ ಹೊರಗಿನಿಂದ ಕೊಕ್ಕೊಕ್ಕೆಂದು ದನಿಗೊಡುತ್ತದೆ. ಅಮೆರಿಕದ ಗಿಲ್ಬರ್ಟ್ ಗಾಟ್ಲೀಬ್ ಬಾತುಮರಿಗಳ ಮೇಲೆ ಮಾಡಿದ ಕೆಲಸ ಇಲ್ಲಿ ನೆನೆಯಬೇಕಾದದ್ದು. ಮೊಟ್ಟೆಯೊಳಗೆ ತನ್ನ ದನಿಯನ್ನೇ ಕೇಳಿಸಿಕೊಳ್ಳದಂತೆ ಮಾಡಿದ ಬಾತುಮರಿ, ಹೊರಬಂದ ಮೇಲೆ ತಾಯಿಬಾತಿನ ಕೂಗಿಗೂ ಕೋಳಿಯ ಕೂಗಿಗೂ ವ್ಯತ್ಯಾಸ ತಿಳಿಯದೆ ತಡವರಿಸಿತು. ಹುಟ್ಟುಗುಣವೆಂದು ಎಲ್ಲರೂ ನಂಬಿದ್ದ ತಿಳಿವಳಿಕೆಗೆ ಕೂಡ ಚಿಪ್ಪಿನೊಳಗಿನ ಅನುಭವದ ಗೊಬ್ಬರ ಬೇಕಿತ್ತು.

ಬೆಳಕಿನ ಮಾತೂ ಹಾಗೆಯೇ. ಕೊನೆಯ ದಿನಗಳಲ್ಲಿ ಮರಿಯ ಬಲಗಣ್ಣು ಚಿಪ್ಪಿನ ಕಡೆಗೂ ಎಡಗಣ್ಣು ಮೈಯ ಕಡೆಗೂ ತಿರುಗಿರುತ್ತದೆ. ಹೇಂಟೆ ಮೇವಿಗೆಂದು ಎದ್ದುಹೋದಾಗ ಚಿಪ್ಪಿನ ಮೂಲಕ ಬಲಗಣ್ಣಿಗೆ ಮಾತ್ರ ಬೆಳಕು ತಾಗುತ್ತದೆ. ಆಸ್ಟ್ರೇಲಿಯದ ಲೆಸ್ಲಿ ರಾಜರ್ಸ್ ತೋರಿಸಿದಂತೆ ಇಷ್ಟರಿಂದಲೇ ಎರಡು ಕಣ್ಣುಗಳ ಕೆಲಸ ಹಂಚಿಕೆಯಾಗುತ್ತದೆ: ಬಲಗಣ್ಣು ಕಲ್ಲಿನ ನಡುವೆ ಕಾಳು ಹುಡುಕಲು, ಎಡಗಣ್ಣು ಮೇಲಿಂದೆರಗುವ ವೈರಿಯ ಮೇಲೆ ನಿಗಾ ಇಡಲು. ಪೂರ್ತಿ ಕತ್ತಲಲ್ಲಿ ಕಾವು ಪಡೆದ ಮರಿಗಳು ಎರಡೂ ಕೆಲಸ ಒಟ್ಟಿಗೇ ಬಂದಾಗ ತಬ್ಬಿಬ್ಬಾಗುತ್ತವೆ.

ಕಾಳು ಹೆಕ್ಕುವುದನ್ನು ಯಾರೂ ಕಲಿಸುವುದಿಲ್ಲ. ಅದು ಹುಟ್ಟುಗುಣ ತಾನೇ?

ಕುಕ್ಕುವುದು ಹುಟ್ಟುಗುಣ. ಯಾವುದನ್ನು ಕುಕ್ಕಬೇಕು ಎನ್ನುವುದಲ್ಲ.

ಹೆಸ್ ಮರಿಗಳ ಕಣ್ಣಿಗೆ ಪ್ರಿಸಂ ಕನ್ನಡಕ ಕಟ್ಟಿದ್ದರು. ಎಲ್ಲವೂ 7 ಡಿಗ್ರಿ ಬಲಕ್ಕೆ ಸರಿದಂತೆ ಕಾಣುವ ಕನ್ನಡಕ ಅದು. ಜೇಡಿಮಣ್ಣಿನಲ್ಲಿ ಹೂತಿಟ್ಟ ಹಿತ್ತಾಳೆ ಮೊಳೆಯನ್ನು ಮರಿಗಳು ಕುಕ್ಕಿದರೆ ಗುರುತು ಬೀಳುತ್ತಿದ್ದದ್ದು ಪಕ್ಕದಲ್ಲಿ. ನಾಲ್ಕು ದಿನ ಕಳೆದರೂ ಗುರಿ ಮೊಳೆಯತ್ತ ಬರಲಿಲ್ಲ. ಆದರೆ ಚದುರಿ ಬೀಳುತ್ತಿದ್ದ ಗುರುತುಗಳು ಒತ್ತಾಗಿ ಒಂದೇ ಕಡೆ ಬೀಳತೊಡಗಿದವು. ಗುರಿ ಹುಟ್ಟಿನಿಂದ ಬಂದದ್ದು, ತಿದ್ದಿಕೊಳ್ಳಲಾಗದ್ದು. ಕೈಹಿಡಿತ ಮಾತ್ರ ಪಳಗಿದ್ದು.

ಆಹಾರದ ಆಯ್ಕೆಯ ಕಥೆ ಬೇರೆ. ಮೊದಲೆರಡು ದಿನ ಮರಿ ಮರಳನ್ನೂ ನುಚ್ಚನ್ನೂ ಒಂದೇ ಉತ್ಸಾಹದಿಂದ ಕುಕ್ಕುತ್ತದೆ, ಸಾಲದ್ದಕ್ಕೆ ಪಕ್ಕದ ಮರಿಯ ಕಾಲುಗುರನ್ನೂ. ಹೊಟ್ಟೆಗೆ ಏನಾದರೂ ಬೀಳುವ ಮುನ್ನ ಮೊಟ್ಟೆಯ ಹಳದಿ ಭಾಗದ ಉಳಿಕೆ ಅದನ್ನು ಎರಡು ಮೂರು ದಿನ ಕಾಯುತ್ತದೆ, ಹಾಗಾಗಿ ತಪ್ಪು ಮಾಡುವುದಕ್ಕೆ ಬಿಡುವಿದೆ. (ಹ್ಯಾಚರಿಗಳು ಒಂದು ದಿನದ ಮರಿಗಳನ್ನು ಡಬ್ಬಿಯಲ್ಲಿ ತುಂಬಿ ದೂರದೂರಿಗೆ ಕಳಿಸಲು ಸಾಧ್ಯವಾಗಿರುವುದೂ ಇದರಿಂದಲೇ.) ಮೂರನೆಯ ದಿನದ ಸುಮಾರಿಗೆ ತಿಂದದ್ದು ಮೈಗೆ ಹತ್ತಿದ ಅನುಭವ ಮತ್ತು ಕುಕ್ಕಿದ ವಸ್ತು, ಎರಡಕ್ಕೂ ನಂಟು ಬೆಸೆದು ಮರಿ ಮರಳನ್ನು ಬಿಡುತ್ತದೆ.

ಕಹಿಯ ಪಾಠವಾದರೆ ಒಂದೇ ಸಲಕ್ಕೆ ಸಾಕು. ಕಹಿ ದ್ರವ ಸವರಿದ ಮಣಿಯೊಂದನ್ನು ಒಮ್ಮೆ ಕುಕ್ಕಿದ ಮರಿ ತಲೆ ಒದರಿ, ಕೊಕ್ಕು ಒರೆಸಿಕೊಂಡು, ಮುಂದೆ ಅಂಥ ಒಣ ಮಣಿಯನ್ನೂ ಮುಟ್ಟುವುದಿಲ್ಲ. ಬ್ರಿಟನ್ನಿನ ಸ್ಟೀವನ್ ರೋಸ್ ನೆನಪಿನ ರಸಾಯನವನ್ನು ಅಭ್ಯಾಸ ಮಾಡಿದ್ದು ಈ ಒಂದು ಕುಕ್ಕನ್ನು ನೆಚ್ಚಿಕೊಂಡೇ.

ಕಲಿಸುವವರೇ ಇಲ್ಲ ಎನ್ನುವುದೂ ಪೂರ್ತಿ ಸರಿಯಲ್ಲ. ಕಾಳು ಕಂಡ ಹೇಂಟೆ ಅದನ್ನು ಎತ್ತಿ, ಕೆಳಗೆ ಹಾಕಿ, ಕೊಕ್ಕೊಕ್ಕೆಂದು ಕರೆಯುವುದನ್ನು ನೀವು ನೋಡಿರುತ್ತೀರಿ. ಬ್ರಿಸ್ಟಲ್‌ನ ಕ್ರಿಸ್ಟೀನ್ ನಿಕೊಲ್ ಮತ್ತು ಸ್ಟುವರ್ಟ್ ಪೋಪ್ 1996ರಲ್ಲಿ ವರದಿ ಮಾಡಿದ ಪ್ರಕಾರ, ತಾನು ಕೆಟ್ಟದ್ದೆಂದು ತಿಳಿದ ಬಣ್ಣದ ತಿಂಡಿಯನ್ನು ಮರಿಗಳು ತಿನ್ನುವಂತೆ ಕಂಡರೆ ಹೇಂಟೆ ಆ ಕರೆಯನ್ನೂ ಕೆದರುವುದನ್ನೂ ಜೋರು ಮಾಡುತ್ತದೆ.

ಮರಿ ನೀರಿನ ಮುಂದೆಯೇ ನಿಂತಿದ್ದರೂ ಕುಡಿಯುತ್ತಿಲ್ಲ. ಕಾಯಿಲೆಯೇ?

ಕಾಯಿಲೆ ಇರಲಾರದು. ಸ್ವಚ್ಛವಾದ ನಿಂತ ನೀರು ಮರಿಯ ಕಣ್ಣಿಗೆ ನೀರೆಂದು ಕಾಣುವುದೇ ಇಲ್ಲ. ನೀರಿನಲ್ಲಿ ಕಾಲಿಟ್ಟು ನಿಂತೂ ಬಾಯಾರಿಕೊಂಡಿರುವ ಮರಿಗಳನ್ನು ಬ್ರಿಟನ್ನಿನ ಮನೋವಿಜ್ಞಾನಿ ಲಾಯ್ಡ್ ಮಾರ್ಗನ್ 19ನೆಯ ಶತಮಾನದ ಕೊನೆಯಲ್ಲಿಯೇ ಗಮನಿಸಿದ್ದರು. ಗುಳ್ಳೆಯನ್ನೋ ಕಸವನ್ನೋ ಕುಕ್ಕಲು ಹೋಗಿ ಕೊಕ್ಕಿಗೆ ನೀರು ತಾಗಿದೊಡನೆ ಮರಿ ತಲೆ ಎತ್ತಿ ನುಂಗುತ್ತದೆ. ನುಂಗುವುದು ಬರುತ್ತದೆ, ಗುರುತಿಸುವುದು ಬರುವುದಿಲ್ಲ. ಒಂದೆರಡು ಮರಿಗಳ ಕೊಕ್ಕನ್ನು ಮೆಲ್ಲಗೆ ನೀರಿಗೆ ತಾಗಿಸಿ. ಉಳಿದವು ನೋಡಿ ಬರುತ್ತವೆ.

ಗಿಡುಗನ ನೆರಳು ಕಂಡರೆ ಹುಟ್ಟಿನಿಂದಲೇ ಹೆದರುತ್ತವೆಯಂತೆ?

1930ರ ದಶಕದಲ್ಲಿ ಲೊರೆಂಜ್ ಮತ್ತು ಟಿನ್‌ಬರ್ಗನ್ ಒಂದು ರಟ್ಟಿನ ಆಕೃತಿಯನ್ನು ಹಕ್ಕಿಮರಿಗಳ ತಲೆಯ ಮೇಲೆ ಎಳೆದರು. ಒಂದು ದಿಕ್ಕಿಗೆ ಎಳೆದರೆ ಗಿಡ್ಡ ಕುತ್ತಿಗೆಯ ಗಿಡುಗ, ಎದುರು ದಿಕ್ಕಿಗೆ ಎಳೆದರೆ ಉದ್ದ ಕುತ್ತಿಗೆಯ ಹೆಬ್ಬಾತು. ಗಿಡುಗನಿಗೆ ಹೆಚ್ಚು ಹೆದರಿದವು ಎಂಬುದು ಪ್ರಸಿದ್ಧ ಕಥೆ. 1961ರಲ್ಲಿ ವುಲ್ಫ್‌ಗ್ಯಾಂಗ್ ಶ್ಲೈಟ್ ಟರ್ಕಿಮರಿಗಳಲ್ಲಿ ಪರೀಕ್ಷಿಸಿ ನೋಡಿದಾಗ, ಹಿಂದೆ ಯಾವುದನ್ನೂ ಕಾಣದ ಮರಿಗಳು ಹೆದರುತ್ತಿದ್ದದ್ದು ಅಪರೂಪಕ್ಕೆ ಕಾಣುವ ಆಕೃತಿಗೆ ಎಂದು ತಿಳಿಯಿತು. ದಿನವೂ ಕಾಣುವುದಕ್ಕೆ ಒಗ್ಗಿಹೋಗುತ್ತವೆ. ಬಯಲಿನಲ್ಲಿ ಗಿಡುಗನೇ ಅಪರೂಪ, ಆದ್ದರಿಂದ ಭಯ ಅದಕ್ಕೇ ಉಳಿಯುತ್ತದೆ.

ಕೋಳಿಮರಿಗೆ ಲೆಕ್ಕ ಬರುತ್ತದೆ ಎಂದು ಓದಿದೆ. ಉತ್ಪ್ರೇಕ್ಷೆಯೇ?

ಶೀರ್ಷಿಕೆಗಳಲ್ಲಿ ಉತ್ಪ್ರೇಕ್ಷೆ ಇದ್ದೇ ಇರುತ್ತದೆ, ಪ್ರಯೋಗ ಮಾತ್ರ ನಿಜ. 2009ರಲ್ಲಿ ರೋಸಾ ರುಗಾನಿ ಮತ್ತು ಸಂಗಡಿಗರು ಐದು ಒಂದೇ ಬಗೆಯ ಚೆಂಡುಗಳ ಮೇಲೆ ಮರಿಗಳು ಅಚ್ಚೊತ್ತಿಕೊಳ್ಳುವಂತೆ ಮಾಡಿದರು. ಮರಿಯ ಪಾಲಿಗೆ ಆ ಚೆಂಡುಗಳೇ ಬಂಧುಬಳಗ. ಒಂದು ಪರದೆಯ ಹಿಂದೆ ಮೂರು, ಇನ್ನೊಂದರ ಹಿಂದೆ ಎರಡು ಮರೆಯಾದವು. ಮರಿ ಮೂರರ ಕಡೆಗೆ ಹೋಯಿತು. ಮರಿಯ ಕಣ್ಣೆದುರೇ ಕೆಲವನ್ನು ಆ ಕಡೆಯಿಂದ ಈ ಕಡೆಗೆ ಸಾಗಿಸಿದರೂ, ಕೊನೆಗೆ ಎಲ್ಲಿ ಹೆಚ್ಚಿವೆಯೋ ಅಲ್ಲಿಗೇ ಹೋಗುತ್ತಿತ್ತು. ಅಚ್ಚೊತ್ತುವಿಕೆ ಇಲ್ಲದಿದ್ದರೆ ನಾಲ್ಕು ದಿನದ ಮರಿಗೆ ಇಂಥ ಪ್ರಶ್ನೆ ಕೇಳುವ ದಾರಿಯೇ ಇರುತ್ತಿರಲಿಲ್ಲ.

ಹ್ಯಾಚರಿಯಿಂದ ತಂದ ಗಿರಿರಾಜ ಮರಿಗಳನ್ನು ನಮ್ಮ ನಾಟಿ ಹೇಂಟೆಗೆ ಒಪ್ಪಿಸಬಹುದೇ?

ಹೇಂಟೆ ಕಾವಿಗೆ ಕೂತು ಮೊಟ್ಟೆಯೊಡೆಯುವ ಹೊತ್ತಾಗಿದ್ದರೆ, ಮರಿಗಳಿಗೆ ಒಂದೆರಡು ದಿನವಷ್ಟೇ ಆಗಿದ್ದರೆ, ಬಹಳ ಸಲ ಆಗುತ್ತದೆ. ರಾತ್ರಿ ಕತ್ತಲಾದ ಮೇಲೆ ಒಂದೊಂದಾಗಿ ಅದರ ಹೊಟ್ಟೆಯಡಿಗೆ ಸೇರಿಸಿ, ಬೆಳಗಿನ ಜಾವವೇ ಎದ್ದು ನೋಡಿ. ಹೇಂಟೆಗೂ ಕಲಿಯುವ ಹೊತ್ತು ಇದೇ. ಕೆಲ ದಿನ ಮರಿಗಳ ಜೊತೆ ಓಡಾಡಿದ ಮೇಲೆ ಹೊಸ ಮರಿ ಬಂದರೆ, ಅದರಲ್ಲೂ ಬಣ್ಣ ಬೇರೆಯಾಗಿದ್ದರೆ, ಕುಕ್ಕಿ ಓಡಿಸಬಹುದು. ವಾರ ಕಳೆದ ಮರಿಗಳನ್ನು ತಂದು ಪ್ರಯತ್ನಿಸುವುದು ಬೇಡ: ಅವುಗಳಿಗೂ ಅದು ತಾಯಿಯಾಗಿ ಕಾಣುವುದಿಲ್ಲ, ದೊಡ್ಡ ಅಪರಿಚಿತ ಹಕ್ಕಿಯಾಗಿ ಕಾಣುತ್ತದೆ.

ಬಾತಿನ ಮೊಟ್ಟೆಯನ್ನು ಕೋಳಿಯ ಕೆಳಗಿಟ್ಟರೆ?

ಬಾತುಮರಿಗಳು ಹೇಂಟೆಯ ಹಿಂದೆಯೇ ಸುತ್ತುತ್ತವೆ, ಕೆರೆ ಕಾಣುವ ತನಕ. ಆಮೇಲೆ ಅವು ನೀರಿನಲ್ಲಿ, ಹೇಂಟೆ ದಡದಲ್ಲಿ ಗಾಬರಿಯಿಂದ ಅತ್ತಿತ್ತ. ಯಾರ ಹಿಂದೆ ಹೋಗಬೇಕೆಂದು ಕಲಿಯುತ್ತವೆ, ಏನಾಗಬೇಕೆಂದಲ್ಲ.

ಒಮ್ಮೆ ಅಚ್ಚೊತ್ತಿದರೆ ಅಳಿಸಲಾಗದೇ?

ಲೊರೆಂಜ್ ಹಾಗೆ ಹೇಳಿದರು. ಅಷ್ಟು ಕಟ್ಟುನಿಟ್ಟಲ್ಲ. ಪೆಟ್ಟಿಗೆಗೋ ಚೆಂಡಿಗೋ ಅಂಟಿಕೊಂಡ ಮರಿಯನ್ನು ಆಮೇಲೆ ಕೋಳಿಯ ಆಕೃತಿಯ ಜೊತೆ ಬಿಟ್ಟರೆ ಒಲವು ಬದಲಾಗಬಲ್ಲದು. ಹಳೆಯ ನೆನಪು ಪೂರ್ತಿ ಮಾಸುವುದಿಲ್ಲ, ಅಷ್ಟೇ. ಹೆಚ್ಚು ಚಿಂತೆ ಹುಟ್ಟಿಸುವುದು ಇನ್ನೊಂದು ಬಗೆಯದು, ದೊಡ್ಡದಾದ ಮೇಲೆ ಜೋಡಿಯ ಆಯ್ಕೆಯಲ್ಲಿ ಕಾಣಿಸುವುದು. ಇದರ ಕಲಿಕೆ ಬೆಳೆಯುವ ವಾರಗಳುದ್ದಕ್ಕೂ ನಡೆಯುತ್ತದೆ. ಮನುಷ್ಯರ ಕೈಯಲ್ಲೇ ಬೆಳೆದ ಹುಂಜ ಹೇಂಟೆಗಳನ್ನು ಬಿಟ್ಟು ಮನುಷ್ಯನ ಕೈಗೆ ಸರಸವಾಡುವುದುಂಟು. ಅಮೆರಿಕದಲ್ಲಿ ಮನುಷ್ಯರ ನಡುವೆ ಬೆಳೆದ ಟೆಕ್ಸ್ ಎಂಬ ವೂಪಿಂಗ್ ಕೊಕ್ಕರೆ ತನ್ನ ಜಾತಿಯ ಗಂಡುಗಳನ್ನು ಒಲ್ಲೆನೆಂದಾಗ, ಜಾರ್ಜ್ ಆರ್ಚಿಬಾಲ್ಡ್ ಎಂಬ ಪಕ್ಷಿತಜ್ಞ ಅದರೊಂದಿಗೆ ತಾವೇ ಕುಣಿದು ಜೋಡಿಯಾಗಿ ನಟಿಸಿದರು. ಕೃತಕ ಗರ್ಭಧಾರಣೆಯ ನೆರವಿನಿಂದ 1982ರಲ್ಲಿ ಒಂದು ಮರಿ ಹುಟ್ಟಿತು. ಅಂಥ ಪಕ್ಷಿಗಳನ್ನು ಈಗ ಬಿಳಿ ನಿಲುವಂಗಿ ತೊಟ್ಟು, ಮುಖ ಮರೆಸಿಕೊಂಡು, ಕೊಕ್ಕರೆಯ ತಲೆಯಂಥ ಕೈಗೊಂಬೆಯಿಂದ ಉಣಿಸಿ ಬೆಳೆಸುತ್ತಾರೆ.

ಜಾತ್ರೆಯಲ್ಲಿ ಬಣ್ಣ ಬಳಿದ ಒಂದು ಮರಿ ತಂದೆವು. ಮಗಳ ಕಾಲಿನ ಸುತ್ತಲೇ ಇರುತ್ತದೆ, ಅವಳು ಶಾಲೆಗೆ ಹೋದರೆ ಒಂದೇ ಸಮನೆ ಕೂಗುತ್ತದೆ. ಏನು ಮಾಡಲಿ?

ಅಂಥ ಮರಿಗಳು ಬಹುಪಾಲು ಮೊಟ್ಟೆಕೋಳಿ ತಳಿಯ ಗಂಡುಮರಿಗಳು, ಹ್ಯಾಚರಿಗೆ ಬೇಡವಾದವು. ನಿಮ್ಮ ಕೈಗೆ ಬರುವಾಗ ಅದು ಬುಟ್ಟಿಯ ಉಳಿದ ಮರಿಗಳಿಗೆ ಆಗಲೇ ಒಗ್ಗಿರುತ್ತದೆ. ಈಗ ಕೂಗುತ್ತಿರುವುದು ಒಂಟಿತನಕ್ಕೆ, ಜೊತೆಗೆ ಚಳಿಗೂ ಇರಬಹುದು. ಮಗಳ ಹಿಂದೆ ಬರುತ್ತಿರುವುದೂ ಆ ಮನೆಯಲ್ಲಿ ಬೆಚ್ಚಗಿನ, ಚಲಿಸುವ ಜೀವ ಅವಳೇ ಆದ್ದರಿಂದ. ಮೊದಲ ವಾರ ಮರಿಯಿರುವ ಜಾಗ ಸುಮಾರು 35 ಡಿಗ್ರಿ ಸೆಲ್ಸಿಯಸ್ ಇರಲಿ, ಆಮೇಲೆ ವಾರಕ್ಕೆ ಎರಡು ಮೂರು ಡಿಗ್ರಿ ಇಳಿಸುತ್ತ ಹೋಗಿ. ಪೆಟ್ಟಿಗೆಯ ಒಂದು ಮೂಲೆಯಲ್ಲಿ ಮಾತ್ರ ಬಲ್ಬ್ ಉರಿಯಲಿ, ಸೆಖೆಯಾದರೆ ಮರಿಯೇ ದೂರ ಸರಿಯುತ್ತದೆ. ಸದ್ಯಕ್ಕೆ ಒಂದು ಕನ್ನಡಿ ಇಟ್ಟರೆ ಕೂಗು ತುಸು ತಗ್ಗಬಹುದು. ನಿಜವಾದ ಪರಿಹಾರ ಅದೇ ವಯಸ್ಸಿನ ಇನ್ನೊಂದು ಮರಿ. ಎರಡನ್ನು ಸಾಕುವ ಜಾಗವಿಲ್ಲದಿದ್ದರೆ ಕೋಳಿ ಸಾಕಿರುವ ಪರಿಚಯದವರ ಮರಿಗಳ ಗುಂಪಿಗೆ ಬೇಗ ಸೇರಿಸಿಬಿಡಿ, ತಡವಾದಷ್ಟೂ ಅವು ಇದನ್ನು ಕುಕ್ಕುವುದು ಹೆಚ್ಚು.